ಸೋಡಚೀಟಿಗೆ ಹೆಬ್ಬಟ್ಟು

ಸೋಡಚೀಟಿ ಅಂದ್ರ ಏನಂತ ಗೊತ್ತಿಲ್ಲದವರು ಪುಣ್ಯಾ ಮಾಡ್ಯಾರ. ಗಂಡಗ ಹೇಂತಿ ಬ್ಯಾಡಾದ್ಲು ಅಂದ್ರ ನಮ್ಮ ಮಂದ್ಯಾಗ ಕೋರ್ಟು ಗೀರ್ಟು ಇಲ್ಲ. ಪಂಚರು ಕೂಡ್ತಾರ. ಒಂದು ಕಡ್ಡಿ ಮುರೀತಾರ. ಒಂದು ಕಾಗದದ ಮ್ಯಾಲೆ ಆಕಿ ಹೆಬ್ಬಟ್ಟು ಒತ್ತಸ್ತಾರ. ಮುಗೀತು. ಎತ್ತು ಮಾರಬೇಕಾದ್ರೂ ಹಲ್ಲು ನೋಡ್ತಾರ, ಬಾಲಾ ಜಗ್ಗಿ ನೋಡ್ತಾರ. ಹೆಣ್ಣಿನ್ನ ಬಿಡಾಕ ಅಷ್ಟು ಹೊತ್ತೂ ಬೇಕಾಗಂಗಿಲ್ಲ.

ನಾ ಸಾವಂತ್ರವ್ವ. ತವರುಮನಿ ಕಾಖಂಡಕಿ. ಕೊಟ್ಟಿದ್ದು ಕಳ್ಳಕವಟಗಿಗೆ, ಹೊಸಮನಿಯವರ ದಶರಥಗ. ಎರಡೂ ಊರಾಗ ನಮ್ಮ ಮನಿ ಊರ ಹೊರಗ. ಎರಡೂ ಊರಾಗ ಬಾವಿ ಕಟ್ಟಿ ಮುಟ್ಟಾಂಗಿಲ್ಲ, ಯಾರರ ಬಂದು ಸೇದಿ ಹಾಕೂ ತನಕ ಕೊಡಾ ಇಟಗೊಂಡು ನಿಲ್ಲಬೇಕು. ಇಷ್ಟು ಹೇಳಿದ್ರ ನಾ ಯಾರಂತ ನಿಮಗ ತಿಳೀತು. ಮುಂದ ಕೇಳ್ರಿ.

ದಶರಥ ಶಾಣ್ಯಾ. ಕೇರ್ಯಾಗ ಏಳನೇತ್ತಾ ದಾಟಿದಾಂವ ಅಂವ ಒಬ್ಬನ. ಮಾಸ್ತರಕಿ ಕಲಿಯಾಕ ವಿಜಾಪುರಕ್ಕ ಹೋಗ್ತೀನಿ ಅಂದ. ಹೋಗು ಅಂದ್ನಿ. ಅಂವ ಎರಡು ವರ್ಷ ಕಲಿತ. ಆ ಎರಡು ವರ್ಷ ನಾ ತೊರವಿ ಹಂತ್ಯಾಕ ರಸ್ತಾದ ಕೆಲಸದಾಗ ಖಡಿ ಒಡದ್ನಿ.

ಖಡಿ ಒಡಿಯೂದು ಅಂದ್ರ ಕುಂಡಿ ಊರಿ ಕುಂದ್ರೂದು, ಎರಡು ಪಾದದ ನಡುವ ಕಲ್ಲು ಹಿಡಿಯೂದು, ಸುತ್ತಿಗಿ ಹಾಕೂದು. ಹೊತ್ತು ಹುಟ್ಟಿದಾಗಿಂದ ಮುಳುಗೂ ತನಕ. ಚಕ್ಕಿ ಸಿಡದು ಕಣ್ಣಾಗ ಬೀಳತೈತಿ. ಉಗುರು ಕರ್ರಗಾಗಿ ಉದುರ್ತಾವ. ಅಂಗೈ ಒಡದು ರಗತ ಬರತೈತಿ, ಅದರ ಮ್ಯಾಲೆ ಧೂಳು ಕುಂತು ಅಲ್ಲೇ ಒಣಗತೈತಿ. ಬಸರಿದ್ದಾಗ್ಲೂ ಒಡದ್ನಿ. ಖಡಿ ಗುಂಪಿ ಮ್ಯಾಲೆನ ಬ್ಯಾನಿ ಹತ್ತಿದ್ವು. ಹಡದು ಹದಿನೈದು ದಿನಕ್ಕ ಮತ್ತ ಹೋದ್ನಿ. ಕೂಸಿನ್ನ ಚೀಲದ ನೆಳ್ಳಿಗೆ ಮಲಗಿಸಿ ಒಡದ್ನಿ. ಕುಬಸಾ ಹಾಲಿನಿಂದ ತೊಯ್ದು, ಮ್ಯಾಲೆ ಧೂಳು ಕುಂತು, ಒಣಗಿದ ಸಗಣಿಯಂಗ ಗಟ್ಟಿ ಆಗಿರ್ತಿತ್ತು. ಐತ್ವಾರ ಐತ್ವಾರ ದಶರಥ ಬಿಳಿ ಅಂಗಿ ಹಾಕ್ಕೊಂಡು ಬರ್ತಿದ್ದ. ನನ್ನ ಪಗಾರ ಇಸಕೊಂಡು ಹೋಗ್ತಿದ್ದ. ಗುಂಪಿ ಮ್ಯಾಲೆ ಕುಂದ್ರು ಅಂದ್ರ ಕುಂದ್ರತಿದ್ದಿಲ್ಲ, ಅಂಗಿ ಹೊಲಸಾಗತೈತಿ ಅಂತಿದ್ದ. ನಾ ಹೌದೌದು ಅಂತಿದ್ನಿ. ಹುಚ್ಚಿ ಸೂಳೇಮಗಳು ನಾ!

ಅವಗ ಟಿಕೋಟಾದ ಸಾಲ್ಯಾಗ ನೌಕರಿ ಹತ್ತಿತು. ಮನಿ ನೋಡಿ ಕರಕೊಂಡು ಹೋಗ್ತೀನಿ ಅಂದ. ಮೂರು ವರ್ಷಾತು, ಮನಿ ಸಿಗಲೇ ಇಲ್ಲ. ಹಬ್ಬಾತು, ಸುಗ್ಗಿ ಆತು, ನಾ ಖಡಿ ಒಡಿತಾನ ಇದ್ನಿ. ಕಡೀಕ ಬಂದಾಂವ ಅವನ ತಮ್ಮ ಕರೆಪ್ಪ. ಕೈಯಾಗ ಒಂದು ಮಡಚಿದ ಕಾಗದ, ಕಿಸೇದಾಗ ಮಸಿ ಡಬ್ಬಿ. ಅದು ಎಪ್ಪತ್ತಾರನೇ ಇಸವಿ. ಮಗಳು ಸೋನಿಗೆ ಆಗ ನಾಕು ವರ್ಷ.

"ವೈನಿ, ಇಲ್ಲೊಂದು ಹೆಬ್ಬಟ್ಟು ಒತ್ತು," ಅಂದ.

"ಏನೈತೋ ಅದರಾಗ?"

"ಸೋಡಚೀಟಿ. ಇಬ್ರೂ ಒಪ್ಪಿ ಬ್ಯಾರಿ ಆಗೂದು ಅಂತ ಬರದಾನ. ಕೂಸು ನಿನ್ನ ಕಡೀನ ಇರ್ಲಿ, ವರ್ಷಕ್ಕ ಒಂದು ಚೀಲ ಜ್ವಾಳಾ ಹಾಕ್ತೀನಿ ಅಂದಾನ. ಅಂವ ಈಗ ಮಾಸ್ತರ. ನೀ ಹಿಂಗ. ಹೊಂದಬೇಕಲ್ಲ?"

ಸಿಟ್ಟು ಬಂತು. ಇಂಥಾವ ಇದ್ದರೇನು ಸತ್ತರೇನು ಅನಸ್ತು. ಕೊಡೋ ಇಲ್ಲಿ ಅಂತ ಕೈ ಚಾಚೇ ಬಿಟ್ಟಿದ್ನಿ. ಬಾಜೂಕ ಪೀರಾಂಬಿ ಕುಂತಿದ್ಲು. ತೊರವಿಯಾಕಿ, ಪಿಂಜಾರರಾಕಿ, ನನಗಿಂತ ಹತ್ತು ವರ್ಷ ದೊಡ್ಡಾಕಿ. ಸುತ್ತಿಗಿ ಕೆಳಗಿಟ್ಟು ನನ್ನ ರಟ್ಟಿ ಹಿಡದ್ಲು.

"ಕರೆಪ್ಪಾ, ಈಕಿ ಕೈ ನೋಡು. ರಗತ, ಧೂಳು. ಈ ಕೈಲೆ ಒತ್ತಿದ್ರ ನಿಮ್ಮಣ್ಣನ ಕಾಗದ ಹಾಳಾಗತೈತಿ. ಇಟ್ಟು ಹೋಗು, ತೊಳಕೊಂಡು ಒತ್ತಿರ್ತಾಳ. ನಾಳೆ ಬಂದು ಒಯ್ಯಿ."

ಕರೆಪ್ಪಗೂ ಅಕ್ಷರಾ ಬರಂಗಿಲ್ಲ. ಅವಗ ಕಾಗದ ಅಂದ್ರ ಕಾಗದ. ಇಟ್ಟು ಹೋದ.

ಅಂವ ಮರಿಯಾಗೂದ ತಡ, ಪೀರಾಂಬಿ ನನ್ನ ಮ್ಯಾಲೆ ಹರಿಹಾಯ್ದ್ಲು. "ಏನ ಹುಚ್ಚಿ ಅದಿಯಬೇ! ಓದಿಸಲಾರದ ಕೈ ಚಾಚ್ತಿಯಲ್ಲ? ನಾ ಏನಾದ್ನಿ ನೋಡೀದಿಲ್ಲೋ? ನನ್ನ ಗಂಡ ಯಾಕೂಬ ತಲಾಖ್ ಕೊಟ್ಟಾಗ ಒತ್ತು ಅಂದಲ್ಲಿ ಒತ್ತಿದ್ನಿ. ಆರು ತಿಂಗಳಾದ ಮ್ಯಾಲೆ ವಕೀಲರ ಕಡಿ ಹೋದ್ರ, ನನಗ ಬರೂದೆಲ್ಲಾ ಬಂದೈತಿ ಅಂತ ಅದರಾಗ ಬರದಿತ್ತಂತ. ನನ್ನ ಕೈಯಾಗ ಒಂದು ತಂಬಗಿ ಸೈತ ಬಂದಿದ್ದಿಲ್ಲ! ವಕೀಲ್ರು ಏನಂದ್ರು ಗೊತ್ತೇನು? 'ಪೀರಾಂಬಿ, ಹೆಣಾ ಮಣ್ಣು ಮಾಡಿ ಬಂದು ಔಷಧ ಕೇಳಾಕತ್ತಿಯಲ್ಲ' ಅಂದ್ರು. ಏಳು. ಹೆಣಾ ಆಗೂದಕ್ಕ ಮೊದಲ ಹೋಗೂಣು."

ಅರ್ಧಾ ದಿನದ ಪಗಾರ ಬಿಟ್ಟು ಇಬ್ರೂ ನಡಕೋತ ವಿಜಾಪುರಕ್ಕ ಹೋದ್ವಿ. ಸೋನಿ ನನ್ನ ಟೊಂಕದ ಮ್ಯಾಲೆ.

ವಕೀಲ ಅಬ್ದುಲಸಮದ ಸಣ್ಣ ದೇಹದ ಮನಷ್ಯಾ. ಕರೀ ಕೋಟಿನ ಬಗಲು ಹರದಿತ್ತು. ನಾ ಬಾಗಲ ಹೊರಗ ನಿಂತ್ನಿ. ನಮಗ ನಿಂತು ರೂಢಿ. "ಒಳಗ ಬಾರವ್ವಾ, ಖುರ್ಚಿ ಅದಾವಲ್ಲ," ಅಂದ್ರು. ಖುರ್ಚಿ ಮ್ಯಾಲೆ ಕುಂತಿದ್ದು ಅದ ಮೊದಲ. ಕಾಗದ ಬಿಚ್ಚಿ ತಮ್ಮಷ್ಟಕ್ಕ ಓದಿದ್ರು. ಮಾರಿ ಸಣ್ಣದಾತು. ಕೂಸಿನ್ನ ಹೊರಗ ಕರಕೊಂಡು ಹೋಗು ಅಂತ ಪೀರಾಂಬಿಗೆ ಹೇಳಿದ್ರು.

"ಇದರಾಗ ಏನದ ಅಂತ ಹೇಳ್ಯಾರ ನಿನಗ?"

ಒಪ್ಪಿ ಬ್ಯಾರಿ ಆಗೂದು, ಜ್ವಾಳಾ, ಕೂಸು, ಎಲ್ಲಾ ಹೇಳಿದ್ನಿ.

"ಕೇಳು," ಅಂತ ಓದಿದ್ರು. "'ನಾನು ನಡತೆಗೆಟ್ಟವಳಿದ್ದು, ಮುಕಾದಮ ಇಸ್ಮಾಯಿಲ ಇವನ ಸಂಗಡ ಸಂಬಂಧ ಇಟ್ಟುಕೊಂಡಿರುತ್ತೇನೆ. ಸದರಿ ಹೆಣ್ಣುಮಗು ನನ್ನ ಗಂಡನಿಗೆ ಹುಟ್ಟಿದ್ದಲ್ಲ. ಇನ್ನು ಮುಂದೆ ನಾನಾಗಲಿ ಮಗುವಾಗಲಿ ಆತನಿಗೆ ಏನೂ ಕೇಳತಕ್ಕದ್ದಲ್ಲ. ಇದನ್ನು ಓದಿಸಿ ಕೇಳಿ, ಒಪ್ಪಿ, ಹೆಬ್ಬಟ್ಟು ಒತ್ತಿರುತ್ತೇನೆ.'"

ನನಗ ಅಳು ಬರ್ಲಿಲ್ಲ. ನಗು ಬಂತು. ನಮ್ಮ ಖಡಿ ಕೆಲಸಾ ನೋಡ್ಕೊಳ್ಳೂ ಇಸ್ಮಾಯಿಲಕಾಕಾಗ ಅರವತ್ತು ದಾಟ್ಯಾವ, ಒಂದು ಕಣ್ಣಾಗ ಹೂ ಬಿದ್ದೈತಿ, ಬೀಡಿ ಹಚ್ಚಾಕ ಸೈತ ಯಾರರ ಕಡ್ಡಿ ಗೀರಿ ಕೊಡಬೇಕು. ಅಕ್ಷರಾ ಮಾತ್ರ ಚಂದ ಅದಾವ, ಮಾಸ್ತರಂದ ಕೈ ಅಂದ್ರು ವಕೀಲ್ರು. ಆ ಅಕ್ಷರಾ ಕಲಿಸಾಕ ಖಡಿ ಒಡದಾಕಿ ನಾ.

ಅವರು ಬಿಡಿಸಿ ಹೇಳಿದ್ರು. "ಹೊಸಾ ಕಾಯ್ದೆ ಬಂದು ಎರಡು ವರ್ಷ ಆತವ್ವಾ. ಬಿಟ್ಟ ಹೇಂತಿಗೂ ಅನ್ನ ಹಾಕಬೇಕು, ಕೂಸಿಗೂ ಹಾಕಬೇಕು. ಅದನ್ನ ತಪ್ಪಿಸ್ಕೊಳ್ಳಾಕ ನಿನ್ನ ಬಾಯಿಲೆನ ನೀ ಹಾದರಗಿತ್ತಿ ಅನಸ್ಯಾನ. ಇನ್ನೊಂದದ. ಸರಕಾರಿ ನೌಕರಿಯಾಂವ ಹೇಂತಿ ಇರೂಮುಂದ ಇನ್ನೊಬ್ಬಾಕಿನ್ನ ಮಾಡ್ಕೊಂಡ್ರ ನೌಕರಿಗೆ ಕುತ್ತು. ಅದಕ್ಕ ಅವಗ ಗಡಿಬಿಡಿ. ನೀ ಒತ್ತೂದಕ್ಕ ಮೊದಲ ಬಂದಿ, ಶಾಣ್ಯಾಕಿ. ಕಾಗದ ನನ್ನ ಕಡಿ ಇರ್ಲಿ. ಏನ ಅಂದ್ರೂ ಒತ್ತಬ್ಯಾಡ. ಜುಲುಮೀಲೆ ಒತ್ತಿಸಿದ್ರ ಅವತ್ತ ದವಾಖಾನಿಗೆ ಹೋಗು, ಅವತ್ತ ನನ್ನ ಕಡಿ ಬಾ. ನಾಳೆ ಅನ್ನಬ್ಯಾಡ. ನಾಳೆ ಅನ್ನೂದ್ರಾಗ ಬಾವು ಇಳೀತದ, ಸಾಕ್ಷಿ ಊರು ಬಿಡ್ತದ."

ಮರುದಿನ ಕರೆಪ್ಪ ಬಂದ. ಕಾಗದ ಇಲ್ಲ ಅಂದ್ನಿ. ನಿನ್ನ ನೋಡ್ಕೋತೀನಿ ಅಂದು ಹೋದ. ಮೂರನೇ ದಿನಾ ಮಧ್ಯಾಹ್ನ ನೀರು ಕುಡಿಯಾಕ ಎದ್ದು ಹೋಗಿ ಬರೂದ್ರಾಗ ಚೀಲದ ನೆಳ್ಳಾಗ ಸೋನಿ ಇಲ್ಲ. ಕೂಗಿದ್ನಿ, ಗುಂಪಿ ಗುಂಪಿ ಹುಡುಕಿದ್ನಿ, ಎದಿ ಎದಿ ಬಡಕೊಂಡ್ನಿ. ಕರೆಪ್ಪ ಹೊತ್ತುಕೊಂಡು ಹೋದ ಅಂತ ನೀರಿನಾಕಿ ಹೇಳಿದ್ಲು. ಕೂಸು ಬೇಕಾದ್ರ ಪಂಚರ ಮುಂದ ಬಾ ಅಂತ ಹೇಳಿ ಹೋಗಿದ್ನಂತ. ನನ್ನದಲ್ಲ ಅಂತ ಬರದ ಕೂಸಿನ್ನ ದಶರಥ ಅಡವು ಇಟಗೊಂಡು ಕುಂತ ನೋಡ್ರಿ, ಇಂಥಾ ಗಂಡಸು ಅಂವ.

ಕಳ್ಳಕವಟಗಿ ಕೇರಿ ಬೇವಿನ ಕಟ್ಟಿ ಮ್ಯಾಲೆ ಪಂಚರು ಕುಂತಿದ್ರು. ಹಿರ್ಯಾ ಗೊಲ್ಲಾಳಪ್ಪ. ಊರ ಗೌಡನ ಮುಂದ ಕಾಲಾಗಿನ ಕಾಲ್ಮರಿ ಬಿಚ್ಚಿ ಕೈಯಾಗ ಹಿಡಕೊಂಡು ನಿಲ್ಲಾಂವ, ಇಲ್ಲಿ ಮೀಸಿ ಮ್ಯಾಲೆ ಕೈ ಇಟ್ಟಿದ್ದ. ದಶರಥಗ ಖುರ್ಚಿ ಹಾಕಿದ್ರು. ನಾ ನೆಲದ ಮ್ಯಾಲೆ. ಅತ್ತಿ ಮನ್ಯಾಗ ಸೋನಿನ್ನ ಕೂಡಿ ಹಾಕಿದ್ಲು. ಯವ್ವಾ ಯವ್ವಾ ಅಂತ ಕೂಸು ಚೀರೂದು ಕಟ್ಟಿ ತನಕ ಕೇಳತಿತ್ತು.

"ಕೂಸು ಬೇಕೇನಬೇ?" ಅಂದ ಗೊಲ್ಲಾಳಪ್ಪ.

"ಬೇಕ್ರಿ ಯಪ್ಪಾ."

"ಹಂಗಾರ ಒತ್ತು. ಕೂಸಿನ್ನ ಕರಕೊಂಡು ಹೋಗು."

"ಮೊದಲ ಓದ್ರಿ."

ದಶರಥ ಹೊಸಾ ಕಾಗದ ಬರದು ತಂದಿದ್ದ. ಎದ್ದು ನಿಂತು ಓದಿದ. ಸಾಲ್ಯಾಗ ಹುಡುಗೂರಿಗೆ ಪಾಠ ಓದಿದಂಗ. ಇಬ್ರೂ ಒಪ್ಪೇವಿ, ಜ್ವಾಳಾ, ಕೂಸು ತಾಯಿ ಕಡಿ. ಎಂಥಾ ಸವಿ ಮಾತು!

"ಸುಳ್ಳು ಓದಾಕತ್ತಾನ್ರಿ ಯಪ್ಪಾ. ಮೊದಲಿನ ಕಾಗದದಂಗ ಇದರಾಗೂ ನನ್ನ ಹಾದರಗಿತ್ತಿ ಅಂತ ಬರದಾನ. ಕೂಸು ಇಸ್ಮಾಯಿಲಕಾಕಾಂದು ಅಂತ ಬರದಾನ."

"ನಿನಗ ಯಾರು ಹೇಳಿದ್ರು?"

"ವಕೀಲ್ರು."

ಅಷ್ಟ ಸಾಕಾತು. ಹಾದರ ಮಾಡೇನಿ ಅಂದಿದ್ರ ದಂಡಾ ಹಾಕಿ ಬಿಡ್ತಿದ್ರು. ವಕೀಲ ಅಂದಿದ್ದ ತಪ್ಪಾತು. "ಪಂಚರಿರೂಮುಂದ ವಕೀಲನ ಮನಿ ಮೆಟ್ಟಲಾ ಹತ್ತಿದಿ ಏನ ರಂಡೆ! ನಮ್ಮ ಮಾರಿ ಮ್ಯಾಲೆ ಉಗುಳಿದಿ!" ಗೊಲ್ಲಾಳಪ್ಪ ಎದ್ದು ನಿಂತ. ಕಾಗದ ಬ್ಯಾರೆಯವರ ಕೈಲೆ ಓದಸ್ರಿ ಅಂತ ಕೈ ಮುಗದ್ನಿ. ಯಾರ ಕೈಲೆ? ಕೇರ್ಯಾಗ ಓದಾಕ ಬರೂದು ದಶರಥ ಒಬ್ಬವಗ. ಅದಕ್ಕ ಅಂವ ಓದಿದ್ದ ಖರೆ.

ದಶರಥನ ಮಾರಿ ನೋಡಿ ಕೇಳಿದ್ನಿ. "ಕೂಸು ನಿನ್ನದಲ್ಲೇನೋ? ಕೇರಿ ಮುಂದ ಒಮ್ಮಿ ಹೇಳು."

ಅಂವ ಕಾಗದ ನೋಡಿದ. ನನ್ನ ನೋಡ್ಲಿಲ್ಲ. "ಹೊತ್ತಾಗಾಕತ್ತೈತಿ, ಒತ್ತಸ್ರಿ," ಅಂದ.

"ನನ್ನ ಮಗಳ್ನ ಹಾದರಕ್ಕ ಹುಟ್ಟಿದಾಕಿ ಅಂತ ಬರದ ಕಾಗದಕ್ಕ ನಾ ಒತ್ತಂಗಿಲ್ಲ. ಕೊಲ್ರಿ ಬೇಕಾದ್ರ!"

ಹೆಬ್ಬಟ್ಟು ಒಳಗ ಹಾಕಿ ಮುಷ್ಟಿ ಕಟ್ಟಿದ್ನಿ. ಕರೆಪ್ಪ ನನ್ನ ಕೆಡವಿ ಎದಿ ಮ್ಯಾಲೆ ಮೊಣಕಾಲು ಊರಿದ. ಇನ್ನಿಬ್ರು ಕಾಲು ಹಿಡದ್ರು. ಒಂದೊಂದ ಬೆರಳು ಬಿಚ್ಚಿದ್ರು. ಖಡಿ ಒಡದ ಕೈರಿ ಅದು, ಹಂಗ ಬಿಚ್ಚತೈತೇನು? ನಾಕು ಬೆರಳು ಬಿಚ್ಚಾಕ ಮೂರು ಗಂಡಸ್ರು ಬೆವತ್ರು. ಕಡೀಕ ಹೆಬ್ಬಟ್ಟು ಹಿಡದು ಹಿಂದಕ್ಕ ಹೊಳ್ಳಿಸಿದ್ರು. ಕಟ್ ಅಂತು. ಆ ಸಪ್ಪಳ ಎಲ್ಲಾರೂ ಕೇಳಿದ್ರು. ಹೆಂಗಸ್ರು ಬಾಗಲಾ ಮುಚ್ಚಿಕೊಂಡ್ರು. ಮಸಿ ಡಬ್ಬಿ ಹಿಡದಾಂವ ದಶರಥನ. ನನ್ನ ಮುರದ ಹೆಬ್ಬಟ್ಟು ಕಾಗದಕ್ಕ ತಿಕ್ಕಿ, ಮಸಿ ಒಣಗ್ಲಿ ಅಂತ ಉಫ್ ಉಫ್ ಅಂತ ಊದಿದ. ಗೊಲ್ಲಾಳಪ್ಪ ಕಡ್ಡಿ ಮುರದ. ಅತ್ತಿ ಬಾಗಲಾ ತಗದು ಸೋನಿನ್ನ ಹೊರಗ ನೂಕಿದ್ಲು.

ನಾಳೆ ಅನ್ನಲಿಲ್ಲ ನಾ. ಕೂಸಿನ್ನ ಟೊಂಕದ ಮ್ಯಾಲೆ ಇಟಗೊಂಡು ಟಿಕೋಟಾ ತನಕ ನಡದ್ನಿ, ಅಲ್ಲಿಂದ ಮೋಟಾರ ಹತ್ತಿ ವಿಜಾಪುರ. ದವಾಖಾನ್ಯಾಗ ಎಲ್ಲಿ ಬಡಸ್ಕೊಂಡಿ ಅಂತ ಕೇಳಿದ್ರು. ಬಡಸ್ಕೊಂಡಿಲ್ಲ, ಮುರದಾರ, ಹಂಗ ಬರೀರಿ ಅಂದ್ನಿ. ಠಾಣೇದಾಗ ಒಬ್ಬ ಪೋಲೀಸ ನಕ್ಕ. ಗಂಡಾ ಹೇಂತಿ ಜಗಳಾ ಉಂಡು ಮಲಗೂ ತನಕ ಅಂದ. ವಕೀಲ್ರು ಬಂದು ಜಬರದಸ್ತಿ ಮಾಡಿದ ಮ್ಯಾಲೆ ಬರಕೊಂಡ. ಹೆಬ್ಬಟ್ಟು ಸೊಟ್ಟ ಕೂಡಿತು. ಸುತ್ತಿಗಿ ಹಿಡಿಯಾಕ ಬರಂಗಿಲ್ಲ. ಈಗ ಬುಟ್ಟಿ ಹೊರತೇನಿ. ತಲಿ ಇನ್ನೂ ಗಟ್ಟಿ ಐತಿ.

ವಕೀಲ್ರು ಹಾಕಿದ ಕೇಸಿಗೆ ಕೋರ್ಟಿನ್ಯಾಗ ಎರಡು ವರ್ಷ ತಾರೀಖು ಬಿದ್ದು ಬಿದ್ದು ಎದ್ವು. ದಶರಥನ ವಕೀಲ ತುಂಬಿದ ಮಂದ್ಯಾಗ ಕೇಳಿದ, "ಮುಕಾದಮ ನಿನ್ನ ಗುಡಿಸಲಕ್ಕ ಎಷ್ಟು ಸಲ ಬಂದಿದ್ದ?" ಹಿಂದ ಕುಂತವರು ಕಿಸಕ್ಕಂತ ನಕ್ರು. ಖಡಿ ಒಡಿಯೂಮುಂದ ಹೆಬ್ಬಟ್ಟಿಗೆ ಸುತ್ತಿಗಿ ಬಿದ್ದೈತಿ, ದಶರಥ ಮಾಸ್ತರು ಸಂಭಾವಿತರು ಅಂದ. ಇಸ್ಮಾಯಿಲಕಾಕಾ ಸಾಕ್ಷಿ ಹೇಳಾಕ ನಿಂತು, ಸಾವಂತ್ರವ್ವ ನನ್ನ ಮೊಮ್ಮಗಳಂಗ ಸಾಹೇಬ್ರ ಅಂದು ಕೂಸಿನಂಗ ಅತ್ತ. ಅಷ್ಟರಾಗ ದಶರಥ ಬಬಲೇಶ್ವರದ ಕಲಿತಾಕಿನ್ನ ಮಾಡ್ಕೊಂಡ. ಆಮ್ಯಾಲೆ ಅವರ ಕಡಿಯವರು ರಾಜಿಗೆ ಬಂದ್ರು. ಕೂಸು ನನ್ನದಲ್ಲ ಅಂತ ಸಾವಂತ್ರವ್ವ ಒಪ್ಪಲಿ, ಆಕಿ ಹೊಟ್ಟಿಗೆ ಹಾಕ್ತೀನಿ ಅಂತ ದಶರಥ ಅಂದನಂತ. ಸಾಕಾಗಿದ್ರ ಒಪ್ಪವ್ವಾ, ನಾ ಒತ್ತಾಯ ಮಾಡಂಗಿಲ್ಲ ಅಂದ್ರು ವಕೀಲ್ರು. ಅವರಿಗೂ ದಣಿವಾಗಿತ್ತು. ನನ್ನ ಹೊಟ್ಟಿ ನಾ ತುಂಬಕೋತೀನಿ, ನನಗ ಕೂಸಿಗೆ ಅಪ್ಪನ ಹೆಸರು ಬೇಕು ಅಂದ್ನಿ.

ಜೂನ್ ಬಂತು. ಸೋನಿಗೆ ಆರು ತುಂಬಿದ್ವು. ಅಷ್ಟೊತ್ತಿಗೆ ಟಿಕೋಟಾಕ್ಕ ಬಂದು ಪೀರಾಂಬಿ, ರಸ್ತಾದ ಕೆಲಸದವರ ಕೂಡ ಗುಡಿಸಲಾ ಹಾಕಿದ್ನಿ. ಕೂಸಿನ್ನ ಕರಕೊಂಡು ಸೀದಾ ಅವನ ಸಾಲಿಗೆ ಹೋದ್ನಿ. ಹೆಡಮಾಸ್ತರು ಮಲ್ಲಿಕಸಾಬ. ಹೆಸರು ಕೇಳಿದ್ರು, ಸೋನಾಬಾಯಿ ಅಂದ್ನಿ. ತಂದಿ ಹೆಸರು ಕೇಳಿದ್ರು.

"ದಶರಥ ಹೊಸಮನಿ. ನಿಮ್ಮ ಮಾಸ್ತರು."

ಪೆನ್ನು ನಿಂತಿತು. ಬಾಜೂ ಖೋಲ್ಯಾಗ ಅಂವ ಮಗ್ಗಿ ಹೇಳಿಸಾಕತ್ತಿದ್ದ.

"ತಂಗೀ, ಬ್ಯಾರೆ ಸಾಲಿಗೆ ಹಾಕಬಾರದ?"

"ಯಾಕ್ರಿ? ಇದು ಸರಕಾರದ ಸಾಲಿ. ಹಡದಾಕಿ ಹೇಳಿದ್ದು ಬರೀರಿ. ಸುಳ್ಳಾದ್ರ ಕೋರ್ಟಿನ್ಯಾಗ ನಾ ಜೈಲಿಗೆ ಹೋಗ್ತೀನಿ, ನೀವಲ್ಲ. ವಕೀಲರ ಕಡಿ ಕೇಳಿಕೊಂಡ ಬಂದೇನಿ."

ಮಲ್ಲಿಕಸಾಬರು ಮಾರಿ ಒರಸ್ಕೊಂಡ್ರು. ಬರದ್ರು. ಓದಿ ಹೇಳ್ರಿ ಅಂದ್ನಿ. ಓದಿದ್ರು. ನನಗ ಭರೋಸೆ ಬರ್ಲಿಲ್ಲ. ಹಾದ್ಯಾಗ ಹೊಂಟ ಟಪಾಲಿನವನ್ನ ಕರದು ಅವನ ಕೈಲೆನೂ ಓದಿಸಿದ್ನಿ. ಹೌದು, ಬರದಿದ್ರು.

ಒಂದನೇತ್ತಾಕ್ಕ ಮಾಸ್ತರ ದಶರಥನ. ಮರುದಿನ ಹಾಜರಿ ತಗೊಂಡ. ನಾ ಬುಟ್ಟಿ ಇಟ್ಟು ಕಿಟಕಿ ಹೊರಗ ನಿಂತಿದ್ನಿ. ಒಂದೊಂದ ಹೆಸರು ಕರದ, ಹುಡುಗೂರು ಹಾಜರ ರೀ ಅಂದ್ವು. ಸೋನಿ ಹೆಸರು ದಾಟಿ ಮುಂದಿನ ಹೆಸರಿಗೆ ಹೋದ. ಪುಸ್ತಕ ಮುಚ್ಚಿದ. ಸೋನಿ ಎದ್ದು ನಿಂತ್ಲು. ನಾ ಹೇಳಿಕೊಟ್ಟಿದ್ದಲ್ಲ ಅದು, ನನ್ನಾಣಿ.

"ಸರ, ನನ್ನ ಹೆಸರು ಬಿಟ್ರಿ. ಸೋನಾಬಾಯಿ ದಶರಥ ಹೊಸಮನಿ. ಹಾಜರ ರೀ."

ಹುಡುಗೂರು ನಕ್ವು. ಅವನ ಮಾರಿ ಕರ್ರಗಾತು. ಕೈ ಚಾಚು ಅಂದ. ಬಡಿಗಿಲೆ ನಾಕು ಬಿಟ್ಟ. ಕರೀಲಾರದ ಎದ್ದು ನಿಂತಿದ್ದಕ್ಕ ಅಂದ. ಎರಡನೇ ದಿನಾನೂ ಹಂಗ ಬಿಟ್ಟ, ಹಂಗ ನಿಂತ್ಲು, ಹಂಗ ಹೊಡದ. ಮೂರನೇ ದಿನಾನೂ. ಕೂಸಿನ ಅಂಗೈ ಉಬ್ಬಿ ರೊಟ್ಟಿ ಚೂರು ಹಿಡಿಯಾಕ ಬರಲಿಲ್ಲ, ನಾನ ಉಣಸಿದ್ನಿ. ನನ್ನ ಮ್ಯಾಲೆ ನನಗ ಹೇಸಿಕಿ ಬಂತು. ನನ್ನ ಜಗಳಾ ಕೂಸಿನ ಕೈ ಮ್ಯಾಲೆ ಹಾಕಿದ್ನಲ್ಲ, ನಾ ಎಂಥಾ ತಾಯಿ ಅನಸ್ತು. ಮಲ್ಲಿಕಸಾಬರಿಗೆ ಹೇಳಿದ್ರ, ಮಾಸ್ತರು ಹೊಡೀಲಾರದ ಮುದ್ದು ಮಾಡ್ತಾರೇನು ಅಂತ ಬಾಗಲಾ ಹಾಕ್ಕೊಂಡ್ರು. ವಕೀಲ್ರಿಗೆ ಹೇಳಾಕ ಪೀರಾಂಬಿನ್ನ ವಿಜಾಪುರಕ್ಕ ಕಳಿಸಿದ್ನಿ.

ನಾಕನೇ ದಿನಾ ಮುಂಜಾನೆ ಅಂದ್ನಿ, "ಇವತ್ತು ಸಾಲಿ ಬ್ಯಾಡ ಮಗಾ."

"ಯಾಕಬೇ?"

"ಹೊಡಿತಾನಲ್ಲ."

"ನಾ ಹೋಗ್ತೀನಿ," ಅಂದು ಪಾಟಿ ತಗೊಂಡು ಹೊಂಟೇ ಬಿಟ್ಲು. ಹಿಂದಿಂದ ಓಡಿ ಹೋಗಿ ಕಿಟಕಿ ಹಿಡಕೊಂಡು ನಿಂತ್ನಿ. ಅವತ್ತು ಹುಡುಗೂರು ಯಾರೂ ನಗಲಿಲ್ಲ. ಹೆಸರು ಕರಿಯೂದು ಮುಗೀತು. ಪುಸ್ತಕ ಮುಚ್ಚಿದ. ಸೋನಿ ಎದ್ದು ತನ್ನ ಹೆಸರು, ಅವನ ಹೆಸರು, ಮನೆತನದ ಹೆಸರು ಎಲ್ಲಾ ಹೇಳಿ ಹಾಜರ ರೀ ಅಂದ್ಲು. ಅಂವ ಎದ್ದು ಬಂದು ಬಲಗೈ ಎಳದು ಹೊಡದ. ಚರ್ಮ ಒಡದು ರಗತ ಬಂತು.

"ಇನ್ನೊಮ್ಮಿ ಆ ಹೆಸರು ಅಂತೀಯೇನು? ಅಂತೀಯೇನು?" ಅಂತ ಚೀರಿದ.

ನಾ ಕಿಟಕಿ ಬಿಟ್ಟು ಬಾಗಲಕ್ಕ ಬಂದಿದ್ನಿ. ಒಳಗ ಹೊಕ್ಕೇ ಬಿಡ್ತಿದ್ನಿ. ಅಷ್ಟರಾಗ ಸೋನಿ ಆ ಕೈ ಲಂಗಕ್ಕ ಒರಸಿ, ಎಡಗೈ ಚಾಚಿದ್ಲು.

"ಮೊದಲ ಹಾಜರಿ ಬರಕೋರಿ ಸರ," ಅಂದ್ಲು. "ಆಮ್ಯಾಲೆ ಹೊಡೀರಿ."